ದಾರಿಯಲ್ಲಿ ಎಚ್ಚರ, ಮನೆಯಲ್ಲಿ ಭರವಸೆ

(ಪ್ರಾಥಮಿಕ ಆರೋಗ್ಯ ಕೇಂದ್ರದ ಆವರಣದಲ್ಲಿ ನಡೆದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆ ಎಂದೊಡನೆ ಹೆರಿಗೆಗಳ ನಡುವಣ ಅಂತರ, ಮಕ್ಕಳ ಚುಚ್ಚುಮದ್ದು, ತಾಯಿಯ ರಕ್ತಹೀನತೆ ಇವುಗಳ ವಿಷಯವನ್ನೇ ನೀವು ನಿರೀಕ್ಷಿಸುವುದು ಸಹಜ. ಇಂದು ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಸಂತೆ, ಬಸ್ಸು, ಜಾತ್ರೆ, ಹೊಲದ ದಾರಿ ಎಂದು ಹೊರಗೆ ಹೋದವರು ಸುರಕ್ಷಿತವಾಗಿ ಮನೆಗೆ ಮರಳುವುದು ಹೇಗೆ, ದುಷ್ಟರು ಯಾರಾದರೂ ಕೈಮಾಡಿದರೆ ತಮ್ಮನ್ನು ತಾವು ಕಾಪಾಡಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ.

ಇದು ಪೊಲೀಸರಿಗೆ ಸಂಬಂಧಿಸಿದ್ದಲ್ಲವೇ, ವೈದ್ಯರಿಗೇನು ಕೆಲಸ ಎಂದು ನೀವು ಕೇಳಬಹುದು. ಬಸ್ಸಿನಲ್ಲಿ ಒಮ್ಮೆ ಕಿರುಕುಳಕ್ಕೆ ಗುರಿಯಾದ ಗರ್ಭಿಣಿಯು ಮುಂದಿನ ತಿಂಗಳ ತಪಾಸಣೆಗೆ ಬರಲು ಹಿಂಜರಿಯುತ್ತಾಳೆ. ದಾರಿಯಲ್ಲಿ ಕೀಟಲೆ ಮಾಡುವವರಿದ್ದಾರೆಂದು ಮಗಳನ್ನು ಶಾಲೆಯಿಂದ ಬಿಡಿಸಿದರೆ, ಅವಳ ಬಾಲ್ಯವಿವಾಹಕ್ಕೂ ಎಳೆವಯಸ್ಸಿನ ಬಸಿರಿಗೂ ಅದೇ ದಾರಿಯಾಗುತ್ತದೆ. ಭಯವೂ ಒಂದು ಕಾಯಿಲೆಯೇ ಸರಿ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಮಹಿಳೆಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಅನುಕೂಲ ದೊರೆತಿದೆ. ಪ್ರಯಾಣದ ಖರ್ಚು ತಪ್ಪಿತು. ಪ್ರಯಾಣದ ಅಂಜಿಕೆಯೂ ತಪ್ಪಬೇಕು.

ಹೇಳಿಕೊಳ್ಳುವ ಧೈರ್ಯ

ಕೆಲವು ಕಾಲದ ಹಿಂದೆ ಹೆಣ್ಣುಮಗಳೊಬ್ಬಳು ಬಾತ ಮಣಿಕಟ್ಟನ್ನು ತೋರಿಸಲು ನನ್ನ ಬಳಿಗೆ ಬಂದಿದ್ದಳು. ನಲ್ಲಿಯ ಬಳಿ ಜಾರಿ ಬಿದ್ದೆನೆಂದಳು. ಆದರೆ ಕೊರಳಿನ ಸುತ್ತ ಕೆಂಪು ಗೆರೆಯೊಂದು ಎದ್ದು ಕಾಣುತ್ತಿತ್ತು. ನಿಧಾನವಾಗಿ ವಿಚಾರಿಸಿದಾಗ, ಹೊಲದ ದಾರಿಯಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಬಂದವನೊಬ್ಬನು ತಾಳಿಯ ಸರಕ್ಕೆ ಕೈ ಹಾಕಿದನೆಂದೂ, ತಾನು ಸರವನ್ನು ಬಿಡದೆ ಹಿಡಿದು ನೆಲಕ್ಕೆ ಬಿದ್ದೆನೆಂದೂ ತಿಳಿಸಿದಳು. "ಮನೆಯವರಿಗೆ ಏಕೆ ಹೇಳಲಿಲ್ಲ, ತಾಯಿ?" ಎಂದೆ. "ಹೇಳಿದರೆ ನಾಳೆಯಿಂದ ಸಂಘದ ಸಭೆಗೆ ಹೋಗುವುದು ಬೇಡ ಅಂತಾರೆ, ಡಾಕ್ಟ್ರೇ" ಎಂಬುದು ಅವಳ ಉತ್ತರವಾಗಿತ್ತು.

ಸೋದರರೇ, ಈ ಉತ್ತರವನ್ನು ತಾವು ಚೆನ್ನಾಗಿ ಆಲೋಚಿಸಬೇಕು. ಕಿರುಕುಳ ಕೊಡುವವನ ಬಲವಿರುವುದು ಹೆಣ್ಣು ಬಾಯಿ ಬಿಡಲಾರಳೆಂಬ ನಂಬಿಕೆಯಲ್ಲಿ. "ನೀನು ಆ ಹೊತ್ತಿನಲ್ಲಿ ಅಲ್ಲಿಗೇಕೆ ಹೋದೆ?" ಎಂಬ ಮೊದಲ ಪ್ರಶ್ನೆ ಮನೆಯಲ್ಲಿ ಹುಟ್ಟಿದರೆ, ಆ ನಂಬಿಕೆಗೆ ನಾವೇ ನೀರೆರೆದಂತಾಯಿತು. "ನಿನಗೆ ಪೆಟ್ಟಾಯಿತೇ?" ಎಂಬುದು ಮೊದಲ ಪ್ರಶ್ನೆಯಾಗಲಿ. ತಪ್ಪು ಮಾಡಿದವನದೇ ಹೊರತು ಅನುಭವಿಸಿದವಳದಲ್ಲ.

ಹೊರಡುವ ಮೊದಲು

ಯಾವ ದಾರಿಯಲ್ಲಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಗಂಡನು ಹೆಂಡತಿಗೂ, ಹೆಂಡತಿಯು ಗಂಡನಿಗೂ ತಿಳಿಸುವುದು ಒಳ್ಳೆಯ ರೂಢಿ. ಇದು ಅಪ್ಪಣೆ ಬೇಡುವುದಲ್ಲ. ತಡವಾದಾಗ ಎಲ್ಲಿ ಹುಡುಕಬೇಕೆಂದು ಮನೆಯವರಿಗೆ ತಿಳಿದಿರಲೆಂಬ ಏರ್ಪಾಡು. ಮುಂಜಾನೆ, ಮುಸ್ಸಂಜೆಗಳಲ್ಲಿ ಇಬ್ಬರು ಮೂವರು ಕೂಡಿ ನಡೆಯಿರಿ, ಬ್ಯಾಟರಿ ಜೊತೆಯಲ್ಲಿರಲಿ. ರಸ್ತೆಯಲ್ಲಿ ಎದುರಿನಿಂದ ಬರುವ ವಾಹನಗಳು ಕಾಣುವಂತೆ ಬಲಬದಿಯಲ್ಲಿ ನಡೆಯಿರಿ. ಸರವನ್ನು ಸೆರಗಿನಿಂದ ಮುಚ್ಚಿಕೊಳ್ಳಿರಿ. ಮನೆಯಲ್ಲಿ ಶೌಚಾಲಯವಿದ್ದರೆ ಕತ್ತಲಲ್ಲಿ ಬಯಲಿಗೆ ಹೋಗುವ ಅಪಾಯವೇ ತಪ್ಪುತ್ತದೆ. ಇಲ್ಲದವರು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ ಕಟ್ಟಿಸಿಕೊಳ್ಳುವುದು ಲೇಸು.

ಗಂಡಸರಿಗೂ ಒಂದು ಮಾತು. ಬೆಳೆ ಮಾರಿದ ಹಣವನ್ನು ಜೇಬಿನಲ್ಲಿಟ್ಟುಕೊಂಡು, ಮದ್ಯ ಸೇವಿಸಿ, ರಾತ್ರಿ ಒಂಟಿಯಾಗಿ ವಾಹನದಲ್ಲಿ ಬರುವವನು ಕಳ್ಳನಿಗೂ ಅಪಘಾತಕ್ಕೂ ಏಕಕಾಲದಲ್ಲಿ ಬಾಗಿಲು ತೆರೆದಂತೆ. ಹಣವನ್ನು ಬ್ಯಾಂಕಿಗೆ ಕಟ್ಟಿ, ಬೆಳಕಿರುವಾಗಲೇ ಮನೆಗೆ ಬನ್ನಿರಿ.

ಬಸ್ಸಿನಲ್ಲಿ, ಸಂತೆಯಲ್ಲಿ

ನೂಕುನುಗ್ಗಲಿನಲ್ಲಿ ಮೈ ತಾಗುವುದು ಬೇರೆ, ಬೇಕೆಂದೇ ಕೈ ಹಾಕುವುದು ಬೇರೆ. ಇವೆರಡರ ವ್ಯತ್ಯಾಸವನ್ನು ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಸಮಯದಲ್ಲಿ ಸುಮ್ಮನೆ ಸರಿದು ನಿಂತರೆ ಅವನೂ ಸರಿದು ಬರುತ್ತಾನೆ. ತಿರುಗಿ ಅವನ ಮುಖವನ್ನೇ ನೋಡಿ, "ಕೈ ತೆಗಿ!" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿರಿ. ಕೂಡಲೇ ನಿರ್ವಾಹಕರಿಗೆ ತಿಳಿಸಿ, ಬಸ್ಸನ್ನು ಪೊಲೀಸ್ ಠಾಣೆಯ ಬಳಿ ನಿಲ್ಲಿಸಲು ಕೇಳಿರಿ. ಪಕ್ಕದಲ್ಲಿರುವವರು "ನಮಗೇಕೆ?" ಎಂದು ಕಿಟಕಿಯ ಕಡೆ ಮುಖ ತಿರುಗಿಸಬಾರದು. ಆಕೆಯ ಬಳಿ ಹೋಗಿ, "ಬಾಮ್ಮ, ಇಲ್ಲಿ ಕೂತ್ಕೋ" ಎಂದು ಜಾಗ ಬಿಟ್ಟುಕೊಡುವುದೂ ದೊಡ್ಡ ಸಹಾಯವೇ. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಬಲಪ್ರಯೋಗ ಮಾಡಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 74ನೆಯ ಕಲಮಿನಂತೆ 1ರಿಂದ 5 ವರ್ಷಗಳವರೆಗೆ ಸೆರೆವಾಸ ಮತ್ತು ದಂಡವಿದೆ.

ಯಾರಾದರೂ ಸರಕ್ಕೋ ಚೀಲಕ್ಕೋ ಕೈ ಹಾಕಿ ಎಳೆದರೆ ಬಿಟ್ಟುಬಿಡಿರಿ. ಎಳೆದಾಟದಲ್ಲಿ ಕೊರಳು ಕೊಯ್ಯಬಹುದು. ವಾಹನದ ಹಿಂದೆ ಎಳೆಯಲ್ಪಟ್ಟು ತಲೆಗೆ ಪೆಟ್ಟಾಗಬಹುದು. ತಾಳಿಯನ್ನು ಬಿಟ್ಟರೆ ಅಮಂಗಳವೆಂಬ ಅಂಜಿಕೆ ಅನೇಕ ತಾಯಂದಿರಲ್ಲಿದೆ. ತಾಳಿಗೆ ಬೆಲೆ ಬಂದದ್ದು ಅದನ್ನು ಧರಿಸಿದವಳಿಂದ. ಕೊರಳು ಉಳಿದರೆ ಸರವನ್ನು ಮತ್ತೆ ಮಾಡಿಸಬಹುದು.

ಮೈಮೇಲೆ ಬಂದಾಗ

ಚಿತ್ರದುರ್ಗದ ಒನಕೆ ಓಬವ್ವನ ಕಥೆ ನಿಮಗೆಲ್ಲ ಗೊತ್ತು. ಆಕೆ ಕೈಗೆ ಸಿಕ್ಕ ಒನಕೆಯನ್ನೇ ಆಯುಧ ಮಾಡಿಕೊಂಡಳು. ಒಬ್ಬೊಬ್ಬನೇ ನುಸುಳಬೇಕಾದ ಕಿಂಡಿಯ ಬಳಿ ನಿಂತಳು. ಸಮಯಸ್ಫೂರ್ತಿ ಎಂದರೆ ಇದೇ. ಆದರೆ ಆಕೆ ಕೋಟೆಯನ್ನು ಕಾಯಬೇಕಾಗಿತ್ತು. ನಾವು ಮನೆಗೆ ಮರಳಬೇಕು. ಆದುದರಿಂದ ನಮ್ಮ ಗುರಿ ಗೆಲ್ಲುವುದಲ್ಲ, ಬಿಡಿಸಿಕೊಂಡು ಜನರಿರುವ ಕಡೆಗೆ ಓಡುವುದು.

ಅಪಾಯ ಎದುರಾದಾಗ ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ನಡುಗುತ್ತವೆ, ಗಂಟಲು ಕಟ್ಟುತ್ತದೆ. ಕೆಲವರ ಮೈ ಮರಗಟ್ಟಿದಂತಾಗುತ್ತದೆ. ಇದು ದೇಹದ ಸ್ವಭಾವ. ಹೇಡಿತನವೂ ಅಲ್ಲ, ಒಪ್ಪಿಗೆಯೂ ಅಲ್ಲ. "ಏಕೆ ಕೂಗಲಿಲ್ಲ?" ಎಂದು ಯಾರನ್ನೂ ಹೀಗಳೆಯಬಾರದು. ಬಲವಾಗಿ ಉಸಿರು ಹೊರಹಾಕಿದರೆ ಕಟ್ಟಿದ ಗಂಟಲು ಬಿಡಲು ಸಹಾಯವಾಗುತ್ತದೆ. ಮುಂದೆ ಹೇಳುವ ಕ್ರಮಗಳನ್ನು ನೆನಪಿನಲ್ಲಿಡಿರಿ:

1. ಕೂಗಿರಿ. ಹತ್ತಿರ ಜನರಿದ್ದರೆ ಗುರುತು ಹಿಡಿದು ಕರೆಯಿರಿ. "ಹಸಿರು ಅಂಗಿ ಅಣ್ಣಾ, ಇಲ್ಲಿ ಬಾ" ಎಂದರೆ ಆತನು ಸುಮ್ಮನಿರಲಾರನು.

2. ಮಣಿಕಟ್ಟನ್ನು ಹಿಡಿದರೆ ನೇರವಾಗಿ ಹಿಂದಕ್ಕೆ ಜಗ್ಗಬೇಡಿರಿ. ಹಿಡಿತದಲ್ಲಿ ದುರ್ಬಲವಾದ ಜಾಗವೆಂದರೆ ಹೆಬ್ಬೆರಳೂ ಬೆರಳುಗಳ ತುದಿಯೂ ಕೂಡುವ ಸಂದು. ನಿಮ್ಮ ಮೊಣಕೈಯನ್ನು ಮಡಿಸಿ, ಕೈಯನ್ನು ಅವನ ಹೆಬ್ಬೆರಳಿನ ಕಡೆಗೆ ತಿರುಗಿಸಿ ಒಮ್ಮೆಲೇ ಎಳೆದುಕೊಳ್ಳಿರಿ.

3. ಹಿಂದಿನಿಂದ ತಬ್ಬಿ ಹಿಡಿದರೆ ಹಿಮ್ಮಡಿಯಿಂದ ಅವನ ಪಾದದ ಮೇಲೆ ಬಲವಾಗಿ ತುಳಿಯಿರಿ. ಮೊಣಕೈಯಿಂದ ಹೊಟ್ಟೆಗೆ ತಿವಿಯಿರಿ.

4. ಎದುರಿನಿಂದ ಬಂದರೆ ಅಂಗೈಯ ಬುಡದಿಂದ ಮೂಗಿಗೆ ಹೊಡೆಯಿರಿ, ಮೊಣಕಾಲಿನಿಂದ ತೊಡೆಸಂದಿಗೆ ಗುದ್ದಿರಿ. ಕೊಡೆ, ಬ್ಯಾಟರಿ, ಬುತ್ತಿಯ ಡಬ್ಬಿ ಯಾವುದಾದರೂ ಸರಿ, ಕೈಯಲ್ಲಿರುವುದನ್ನು ಬಳಸಿರಿ.

5. ಹಿಡಿತ ಸಡಿಲವಾದೊಡನೆ ಓಡಿರಿ. ಮತ್ತೊಂದು ಏಟು ಹಾಕಲು ನಿಲ್ಲಬೇಡಿರಿ.

ಎದುರಾಳಿಯ ಕೈಯಲ್ಲಿ ಚಾಕು ಮಚ್ಚುಗಳಿದ್ದು ಅವನು ಹಣ ಕೇಳಿದರೆ ಕೊಟ್ಟುಬಿಡಿರಿ. ನೀವು ಚಾಕು ಇಟ್ಟುಕೊಳ್ಳುವುದು ಸಲ್ಲದು. ಅದು ಕಸಿಯಲ್ಪಟ್ಟು ನಿಮಗೇ ತಿರುಗೀತು. ಖಾರದ ಪುಡಿಯೂ ಗಾಳಿಗೆ ನಿಮ್ಮ ಕಣ್ಣಿಗೇ ಬೀಳಬಹುದು.

ಇವನ್ನು ಓದಿದರೆ ಸಾಲದು. ಗಂಡನು ಮೆಲ್ಲಗೆ ಮಣಿಕಟ್ಟು ಹಿಡಿಯಲಿ, ಹೆಂಡತಿ ಬಿಡಿಸಿಕೊಳ್ಳಲಿ. ಹೀಗೆ ದಿನಕ್ಕೆ ಐದು ನಿಮಿಷ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ. ಬೆಳೆದ ಮಕ್ಕಳಿಗೂ ಕಲಿಸಿರಿ. ಗರ್ಭಿಣಿಯರು ಈ ಅಭ್ಯಾಸ ಮಾಡಬಾರದು. ಕೂಗುವುದನ್ನು ಮಾತ್ರ ಅವರೂ ಕಲಿಯಬಹುದು.

ರಕ್ಷಣೆ ಎಲ್ಲಿಯವರೆಗೆ?

ತನ್ನ ದೇಹವನ್ನೂ ಇನ್ನೊಬ್ಬರ ದೇಹವನ್ನೂ ಕಾಪಾಡಿಕೊಳ್ಳುವ ಹಕ್ಕು ಕಾನೂನಿನಲ್ಲಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಇದನ್ನು ವಿವರಿಸುತ್ತವೆ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಪೆಟ್ಟು ಕೊಡಲು ಹಕ್ಕಿಲ್ಲ. ಓಡಿಹೋದವನನ್ನು ಅಟ್ಟಿಸಿಕೊಂಡು ಹೋಗಿ ಕಂಬಕ್ಕೆ ಕಟ್ಟಿ ಹೊಡೆಯುವುದು ರಕ್ಷಣೆಯಲ್ಲ, ಅಪರಾಧ.

2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ನಡೆದುದನ್ನು ನೆನೆಯಿರಿ. ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರಯಾಣಿಕರು ಮಕ್ಕಳ ಕಳ್ಳರೆಂಬ ವದಂತಿ ಮೊಬೈಲಿನಲ್ಲಿ ಹಬ್ಬಿತು. ಜನ ಗುಂಪುಗೂಡಿ ಹೊಡೆದರು. ನಿರಪರಾಧಿ ಯುವಕನೊಬ್ಬ ಪ್ರಾಣ ಕಳೆದುಕೊಂಡನು. ಎಚ್ಚರವೇ ಬೇರೆ, ಸಂಶಯವೇ ಬೇರೆ. ಅನುಮಾನ ಬಂದರೆ 112ಕ್ಕೆ ಕರೆ ಮಾಡಿರಿ.

ಘಟನೆ ನಡೆದ ಮೇಲೆ

ಪೊಲೀಸರ ನೆರವಿಗೆ 112, ಆಂಬುಲೆನ್ಸಿಗೆ 108, ಮಹಿಳಾ ಸಹಾಯವಾಣಿಗೆ 181 ಈ ಮೂರು ಸಂಖ್ಯೆಗಳನ್ನು ಬಾಗಿಲ ಹಿಂದೆ ಬರೆದಿಡಿರಿ. ಘಟನೆ ಯಾವ ಊರಿನಲ್ಲಿಯೇ ನಡೆದಿರಲಿ, ಗಂಭೀರ ಅಪರಾಧದ ದೂರನ್ನು ಯಾವ ಪೊಲೀಸ್ ಠಾಣೆಯಲ್ಲಾದರೂ ಕೊಡಬಹುದು.

ಕತ್ತು ಹಿಸುಕಲ್ಪಟ್ಟವರು ಹೊರಗೆ ಗಾಯವಿಲ್ಲದಿದ್ದರೂ ಆಸ್ಪತ್ರೆಗೆ ಬರಲೇಬೇಕು. ಒಳಗಿನ ಊತ ಕೆಲವು ಗಂಟೆಗಳ ನಂತರ ಉಸಿರನ್ನು ಕಟ್ಟಬಹುದು. ಗರ್ಭಿಣಿಯ ಹೊಟ್ಟೆಗೆ ಪೆಟ್ಟು ಬಿದ್ದರೆ, ನೋವಿಲ್ಲವೆಂದು ಮನೆಯಲ್ಲಿರಬಾರದು. ತಲೆಗೆ ಪೆಟ್ಟಾಗಿ ವಾಂತಿಯಾದರೆ ತಡಮಾಡಬಾರದು.

ಅತ್ಯಾಚಾರದಂಥ ಘೋರ ಕೃತ್ಯ ನಡೆದಲ್ಲಿ, ಸ್ನಾನ ಮಾಡುವ ಮೊದಲು, ಬಟ್ಟೆ ಒಗೆಯುವ ಮೊದಲು ಆಸ್ಪತ್ರೆಗೆ ಬನ್ನಿರಿ. ಬದಲಿಸಿದ ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ತನ್ನಿರಿ. ಸ್ನಾನವಾಗಿದ್ದರೂ ಬರಬಹುದು. ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ ಉಚಿತವಾಗಿ ಚಿಕಿತ್ಸೆ ಕೊಡಬೇಕೆಂದು ಕಾನೂನು ಹೇಳುತ್ತದೆ. ಬೇಡದ ಬಸಿರನ್ನೂ ಎಚ್‌ಐವಿ ಸೋಂಕನ್ನೂ ತಡೆಯುವ ಔಷಧಿಗಳನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು. "ಎರಡು ಬೆರಳಿನ ಪರೀಕ್ಷೆ" ಎಂಬ ಅವಮಾನಕರ ಪದ್ಧತಿಯನ್ನು ಮಾಡಲೇಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಘಟನೆಯ ನಂತರ ನಿದ್ರೆ ಬಾರದಿರುವುದು, ಬೆಚ್ಚಿ ಬೀಳುವುದು, ಹೊರಗೆ ಹೋಗಲು ಅಂಜುವುದು ಇವೂ ಗಾಯಗಳೇ. ಇವಕ್ಕೆ ದೃಷ್ಟಿ ತೆಗೆಸಿ ಸುಮ್ಮನಾಗದೆ ವೈದ್ಯರಿಗೆ ಹೇಳಿರಿ. ಬರಲು ಸಂಕೋಚವಾದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆತನ್ನಿರಿ.

ಕೊನೆಯ ಮಾತು

ಇಂದು ಮನೆಗೆ ಹೋದ ಮೇಲೆ ಗಂಡಹೆಂಡಿರು ಎದುರುಬದುರು ಕುಳಿತು ಎರಡೇ ಮಾತುಗಳನ್ನು ಆಡಿಕೊಳ್ಳಬೇಕೆಂದು ನನ್ನ ಕೋರಿಕೆ. "ಸರ ಹೋದರೂ ಹೋಗಲಿ, ದುಡ್ಡು ಹೋದರೂ ಹೋಗಲಿ, ನೀನು ಮನೆಗೆ ಬಾ" ಎಂಬುದು ಒಂದು. "ಏನೇ ಆದರೂ ನನಗೆ ಹೇಳು, ನಾನು ನಿನ್ನ ಮೇಲೆ ಸಿಟ್ಟಾಗುವುದಿಲ್ಲ" ಎಂಬುದು ಇನ್ನೊಂದು. ಮೊದಲೇ ಆಡಿಟ್ಟ ಈ ಮಾತುಗಳು ಆಪತ್ತಿನ ಗಳಿಗೆಯಲ್ಲಿ ನೆನಪಿಗೆ ಬಂದು ಸರಿಯಾದ ನಿರ್ಧಾರಕ್ಕೆ ನೆರವಾಗುತ್ತವೆ. ಮಣಿಕಟ್ಟು ಬಿಡಿಸಿಕೊಳ್ಳುವ ಉಪಾಯವನ್ನು ಯಾರು ಬೇಕಾದರೂ ಕಲಿಸಬಹುದು. ಈ ಭರವಸೆಯನ್ನು ಮಾತ್ರ ನೀವು ಒಬ್ಬರಿಗೊಬ್ಬರು ಕೊಡಬೇಕು.