ಮರಳಿ ಬಂದ ತೋಟ, ಮರಳಿ ಬಂದ ಅರ್ಜಿ



ಇವತ್ತು ಹೇಳುವುದು ಒಂದು ಅರ್ಜಿ ನಮೂನೆಯ ಕಥೆ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯ ನಮೂನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳೆಯ ಮನೆಗಳಲ್ಲಿ ಇಂದಿಗೂ ಅಟ್ಟದ ಮೇಲಿನ ಟ್ರಂಕು ತೆಗೆದರೆ ಅದರ ಒಂದು ಪ್ರತಿ ಸಿಗಬಹುದು. ನಮ್ಮ ಮನೆಯಲ್ಲೂ ಇದೆ. ಅಂಚಿನಲ್ಲಿ ಗೆದ್ದಲು ಹಿಡಿದಿದೆ, ಅಕ್ಷರ ನನ್ನದು. ಅದನ್ನು ತುಂಬಿದಾಗ ನಾನು ಕಾಲೇಜು ಹುಡುಗ. ಹೇಳಿ ಬರೆಸಿದವರು ಅಜ್ಜ, ಜಗಲಿಯಲ್ಲಿ ಕವಳದ ತಬಕು ಮುಂದಿಟ್ಟುಕೊಂಡು.

ಆ ನಮೂನೆ ಏನು ಕೇಳಿತು, ಅಜ್ಜ ಏನು ಹೇಳಿದರು, ಎರಡೂ ಯಾಕೆ ಕೂಡಲಿಲ್ಲ ಎಂಬುದು ತಿಳಿಯಬೇಕಾದರೆ ಮೊದಲು 1930ಕ್ಕೆ ಹೋಗಬೇಕು.

ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಘಟ್ಟದ ಮೇಲೆ ಉಪ್ಪಿಲ್ಲ, ಕಾಡಿದೆ. ಇಲ್ಲಿ ಜನ ಅರಣ್ಯ ಕಾಯ್ದೆ ಮುರಿದರು. ಜಗತ್ತಿನ ಮಾರುಕಟ್ಟೆ ಕುಸಿದಿದ್ದ ಕಾಲ ಅದು. ಬೆಳೆಗೆ ಬೆಲೆ ಇರಲಿಲ್ಲ, ಕಂದಾಯ ಮಾತ್ರ ಇದ್ದಷ್ಟೇ ಇತ್ತು. ಕರನಿರಾಕರಣೆ ಹುಟ್ಟಿದ್ದು ಹೀಗೆ. 1931ರ ಮಾರ್ಚ್ 5ರಂದು ಗಾಂಧಿ–ಇರ್ವಿನ್ ಒಪ್ಪಂದವಾಗಿ ಸತ್ಯಾಗ್ರಹಿಗಳ ಬಿಡುಗಡೆಯಾಯಿತು. ಆದರೆ 1932ರಲ್ಲಿ ಚಳವಳಿ ಮತ್ತೆ ಹೊತ್ತಿಕೊಂಡಿತು. ಸಿದ್ದಾಪುರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಅದು ಯಾವ ಮಟ್ಟಕ್ಕೆ ಹೋಯಿತೆಂದರೆ, ಕರ್ನಾಟಕದ ಸ್ವಾತಂತ್ರ್ಯ ಚಳವಳಿಯ ಚರಿತ್ರೆ ಬರೆಯುವ ಯಾರೂ ಈ ಎರಡು ಹೆಸರು ಬಿಟ್ಟು ಬರೆಯಲಾರರು.

ಕಂದಾಯ ಕೊಡದವನ ಮನೆಗೆ ಜಪ್ತಿ ಬರುತ್ತಿತ್ತು. ಮೊದಲು ತಾಮ್ರದ ಹಂಡೆ, ಕೊಡ. ಆಮೇಲೆ ಕೊಟ್ಟಿಗೆಯ ದನ. ಕೊನೆಗೆ ಗದ್ದೆ, ತೋಟ. ಲಿಲಾವಿನಲ್ಲಿ ಕೂಗಿದ ಬೆಲೆ ಕೇಳಿದರೆ ಸಂಕಟವಾಗುತ್ತಿತ್ತು ಎನ್ನುತ್ತಿದ್ದರು ಅಜ್ಜ. ಅಡಿಕೆ ತೋಟ ಅಂದರೆ ಒಂದು ವರ್ಷದ ಬೆಳೆಯಲ್ಲ. ಸಸಿ ನೆಟ್ಟವನು ಫಲ ಕಾಣುವುದಕ್ಕೆ ಏಳೆಂಟು ವರ್ಷ ಬೇಕು. ಬೇಸಿಗೆಯಲ್ಲಿ ನೀರು ತಪ್ಪಿದರೆ ಮರ ಒಣಗುತ್ತದೆ, ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಟ್ಟೆ ಕಟ್ಟದೆ ಬಿಟ್ಟರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. ಇನ್ನೊಬ್ಬನ ಪಾಲಾಗಿ ಆರೈಕೆ ತಪ್ಪಿದ ತೋಟ ನಾಲ್ಕೈದು ವರ್ಷದಲ್ಲಿ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಂಡಸರು ಜೈಲಿನಲ್ಲಿದ್ದಾಗ ಹೆಂಗಸರು ಚಳವಳಿಯನ್ನು ಹೊತ್ತರು. ಲಿಲಾವಿನಲ್ಲಿ ಆಸ್ತಿ ಕೊಂಡವರ ಮನೆಯ ಬಾಗಿಲಲ್ಲಿ ಉಪವಾಸ ಕೂತರು. ಜೋಗದ ಹತ್ತಿರದ ಮಾವಿನಗುಂಡಿಯ ಹೆಸರು ಈ ಕಾರಣಕ್ಕೇ ಚರಿತ್ರೆಗೆ ಸೇರಿದೆ. ದೊಡ್ಮನೆಯ ಮಹಾದೇವಿತಾಯಿ, ತ್ಯಾಗಲಿಯ ಭುವನೇಶ್ವರಮ್ಮ, ಅವರಂಥ ಎಷ್ಟೋ ತಾಯಂದಿರು. ಮನೆಯ ಹೊಸಿಲು ದಾಟಿ ಸಭೆಯಲ್ಲಿ ಕೂತು ಗೊತ್ತಿಲ್ಲದವರು, ಅನ್ನ ಬಿಟ್ಟು ಪರರ ಅಂಗಳದಲ್ಲಿ ದಿನಗಟ್ಟಲೆ ಕೂತರು. ನಮ್ಮ ಅಜ್ಜಿ ಅವರಲ್ಲಿ ದೊಡ್ಡ ಹೆಸರಿನವಳಲ್ಲ. ಉಪವಾಸ ಕೂತವರಿಗೆ ನೀರು ಒಯ್ಯಲು ಹೋದವಳು ಎರಡು ದಿನ ಅಲ್ಲೇ ಕೂತಳು, ಅಷ್ಟೆ. 1934ರಲ್ಲಿ ಗಾಂಧೀಜಿ ಶಿರಸಿ, ಸಿದ್ದಾಪುರಕ್ಕೆ ಬಂದಾಗ ಎಲ್ಲವನ್ನೂ ಕಳೆದುಕೊಂಡ ಈ ಜನರನ್ನು ಕಣ್ಣಾರೆ ಕಂಡರು.

1937ರಲ್ಲಿ ಮುಂಬಯಿಯಲ್ಲಿ ಬಿ.ಜಿ. ಖೇರರ ನೇತೃತ್ವದ ಕಾಂಗ್ರೆಸ್ ಸರ್ಕಾರ ಬಂತು. ಮರುವರ್ಷ ಕಾಯ್ದೆ ಮಾಡಿ, ಜಪ್ತಿಯಾಗಿದ್ದ ಜಮೀನುಗಳನ್ನು ಮೂಲ ಒಡೆಯರಿಗೆ ಮರಳಿಸಿತು. ನಮ್ಮ ತೋಟವೂ ಬಂತು. ಅಜ್ಜನ ಬಾಯಲ್ಲಿ ಹೇಳುವುದಾದರೆ, “ತೋಟ ಬಂತು, ಮರ ಬಂಜಿಲ್ಲೆ.” ಅರ್ಧಕ್ಕರ್ಧ ಮರ ಹೋಗಿತ್ತು, ಬಾಕಿ ಸಾಲ ಇತ್ತು.

ಸ್ವಾತಂತ್ರ್ಯ ಬಂದ ಮೇಲೆ ಇವರಲ್ಲಿ ಹೆಚ್ಚಿನವರು ಏನನ್ನೂ ಕೇಳಲಿಲ್ಲ. 1969ರಲ್ಲಿ ನಮ್ಮ ರಾಜ್ಯ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರ ಕಲ್ಯಾಣ ನಿಯಮಗಳನ್ನು ತಂದಿತು. 1972ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ವರ್ಷ ತುಂಬಿತು. ತಾಮ್ರಪತ್ರ ಕೊಟ್ಟರು, ಕೇಂದ್ರದ ಪಿಂಚಣಿ ಯೋಜನೆಯೂ ಶುರುವಾಯಿತು. ತಿಂಗಳಿಗೆ 200 ರೂಪಾಯಿ. ವಾರ್ಷಿಕ ಆದಾಯ 5,000 ರೂಪಾಯಿ ಮೀರಿದವರಿಗೆ ಇಲ್ಲ. 1980ರ ಆಗಸ್ಟಿನಿಂದ ಆದಾಯದ ಮಿತಿಯನ್ನು ತೆಗೆದರು, ಮೊತ್ತವನ್ನು 300ಕ್ಕೆ ಏರಿಸಿದರು, ಹೆಸರನ್ನೂ ಬದಲಾಯಿಸಿದರು: ಸ್ವತಂತ್ರತಾ ಸೈನಿಕ ಸಮ್ಮಾನ ಪಿಂಚಣಿ. ಬಡವನಿಗೆ ಕೊಡುವ ನೆರವು ಹೋಗಿ ಎಲ್ಲರಿಗೂ ಸಲ್ಲುವ ಗೌರವವಾಯಿತು. ಈ ಒಂದು ತಿದ್ದುಪಡಿ ಆಗಿರದಿದ್ದರೆ ಅಜ್ಜ ಅರ್ಜಿಗೆ ಕೈಯನ್ನೇ ಹಾಕುತ್ತಿರಲಿಲ್ಲ. ಕೊನೆಯ ದಿನಾಂಕ 1982ರ ಮಾರ್ಚ್ 31. ನಾವು ತುಂಬಿದ್ದು 1981ರ ಮಳೆಗಾಲದಲ್ಲಿ. ಎರಡು ಪ್ರತಿ: ಒಂದು ದಿಲ್ಲಿಗೆ, ಇನ್ನೊಂದು ರಾಜ್ಯ ಸರ್ಕಾರಕ್ಕೆ.

ಮೊದಲ ಪ್ರಶ್ನೆ ಸೆರೆವಾಸದ್ದು. ಕನಿಷ್ಠ ಆರು ತಿಂಗಳು ಜೈಲಿನಲ್ಲಿ ಇದ್ದಿರಬೇಕು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಮೂರು ತಿಂಗಳು. ಅಜ್ಜನಿಗೆ ಆರು ತಿಂಗಳ ಶಿಕ್ಷೆಯೇನೋ ಆಗಿತ್ತು, 1930ರ ಕೊನೆಗೆ. ಮಾರ್ಚಿನ ಒಪ್ಪಂದದಲ್ಲಿ ಬಿಡುಗಡೆಯಾಯಿತು. ಲೆಕ್ಕ ಹಾಕಿದರೆ ಮೂರು ತಿಂಗಳು ಚಿಲ್ಲರೆ. ನಿಯಮದ ಪ್ರಕಾರ ಸಾಮಾನ್ಯ ಮಾಫಿ ಒಂದು ತಿಂಗಳವರೆಗೆ ಸೇರಿಸಿಕೊಳ್ಳಬಹುದು, ವಿಚಾರಣೆಯ ದಿನಗಳನ್ನೂ ಸೇರಿಸಬಹುದು. ಎಲ್ಲ ಸೇರಿಸಿದರೂ ಆರು ಆಗಲಿಲ್ಲ.

ಇನ್ನು ಪುರಾವೆ. ಜೈಲಿನ ಪ್ರಮಾಣಪತ್ರ ಬೇಕು. ನಮ್ಮವರನ್ನು ಇಟ್ಟದ್ದು ಹಿಂಡಲಗಾ, ಯರವಡಾ, ವಿಸಾಪುರ ಜೈಲುಗಳಲ್ಲಿ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಬೆಳಗಾವಿಯ ಹಿಂಡಲಗಾ ಕೂಡ ಬಂತು. ಯರವಡಾ, ವಿಸಾಪುರ ಅಲ್ಲೇ ಉಳಿದವು. ಅರ್ಜಿ ಹೋಗುವುದು ಬೆಂಗಳೂರಿಗೆ, ದಾಖಲೆ ಇರುವುದು ಇನ್ನೊಂದು ರಾಜ್ಯದಲ್ಲಿ, ಅರ್ಜಿದಾರ ಇರುವುದು ದಿನಕ್ಕೆರಡು ಬಸ್ಸು ಬರುವ ಹಳ್ಳಿಯಲ್ಲಿ. ದಾಖಲೆ ಇಲ್ಲವಾದರೆ, ಇಲ್ಲ ಎಂಬುದಕ್ಕೂ ಸರ್ಕಾರದ ಪ್ರಮಾಣಪತ್ರ ತರಬೇಕು. ಅದರ ಜೊತೆಗೆ ಸಹಕೈದಿಯ ಪ್ರಮಾಣಪತ್ರ. ಅದನ್ನು ಓದಿದಾಗ ಅಜ್ಜ ಅಡಿಕೆ ಕತ್ತರಿ ಕೆಳಗಿಟ್ಟು ಕೇಳಿದ್ದು ನನಗೆ ಇಂದಿಗೂ ಕಿವಿಯಲ್ಲಿದೆ: “ತಮಾ, ಜೈಲಿಗೆ ಹೋದವ ಆನು. ಹೌದು ಹೇಳಿ ಹೇಳವು ಇನ್ನೊಬ್ಬವ?”

ಐವತ್ತು ವರ್ಷದ ಹಿಂದಿನ ಸಾಕ್ಷಿಯನ್ನು ಎಪ್ಪತ್ತೈದು ವರ್ಷದ ಮುದುಕ ಎಲ್ಲಿಂದ ತರಬೇಕು? ಜೊತೆಗಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ನಾನು ಸೈಕಲ್ ಹತ್ತಿ ಮೂರು ಊರು ತಿರುಗಿದೆ. ಒಬ್ಬರು ಹಾಸಿಗೆ ಹಿಡಿದಿದ್ದರು. ಇನ್ನೊಬ್ಬರಿಗೆ ಅಜ್ಜನ ಹೆಸರು ನೆನಪಾಗಲಿಲ್ಲ, ಜೈಲಿನ ಜೋಳದ ರೊಟ್ಟಿಯ ರುಚಿ ನೆನಪಿತ್ತು.

ಆಸ್ತಿ ಜಪ್ತಿಯ ಅಂಕಣ ಇದೆಯಲ್ಲ ಎಂದು ನಾನೇ ಧೈರ್ಯ ಹೇಳಿದೆ. ಜೈಲು ಸಾಲದಿದ್ದರೂ, ಹೋರಾಟದ ಕಾರಣಕ್ಕೆ ಆಸ್ತಿ ಜಪ್ತಿಯಾಗಿ ಲಿಲಾವಾಗಿದ್ದರೆ ಪಿಂಚಣಿಗೆ ಅರ್ಹರು ಎಂದು ಯೋಜನೆ ಹೇಳುತ್ತದೆ. ಸಿದ್ದಾಪುರದ ಜನಕ್ಕೆಂದೇ ಬರೆದ ಹಾಗಿತ್ತು. ಅದರ ಕೆಳಗೆ ಇನ್ನೊಂದು ಷರತ್ತು: ಆಸ್ತಿಯನ್ನು ಮರಳಿ ಪಡೆದವರು ಅರ್ಹರಲ್ಲ.

ನನ್ನ ಇಡೀ ಮಾತು ಇರುವುದು ಈ ಒಂದು ಸಾಲಿನ ಸುತ್ತ. ಮರಳಿಸಿದ್ದು 1938ರ ನಂತರ. ನಡುವೆ ಆರು ವರ್ಷ. ಆ ಆರು ವರ್ಷ ನೆಂಟರ ಮನೆಯ ಪಡಸಾಲೆಯಲ್ಲಿ ಬದುಕಿದ ಸಂಸಾರ, ಶಾಲೆ ಬಿಟ್ಟ ಮಕ್ಕಳು, ಸತ್ತ ಮರ, ಕಳೆದ ದನ, ಇವು ಯಾವುದಕ್ಕೂ ನಮೂನೆಯಲ್ಲಿ ಜಾಗವಿಲ್ಲ. ಖೇರ್ ಸರ್ಕಾರ ನ್ಯಾಯವೆಂದು ಮಾಡಿದ ಕೆಲಸ, ನಲವತ್ತು ವರ್ಷದ ಮೇಲೆ ಅದೇ ಜನಕ್ಕೆ ಅನರ್ಹತೆಯ ಕಾರಣವಾಯಿತು. ನಿಯಮ ಬರೆದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರ ಕಣ್ಣ ಮುಂದೆ ಅಡಿಕೆ ತೋಟ ಇರಲಿಲ್ಲ. ಮರಳಿದ ಆಸ್ತಿ ಎಂದರೆ ಹೋದಷ್ಟೇ ಬಂದದ್ದು ಎಂದು ಅವರು ಎಣಿಸಿದರು.

ಯಲ್ಲಾಪುರದ ಕಡೆಯ ಒಬ್ಬ ಹಿರಿಯರ ಅರ್ಜಿಯನ್ನೂ ನಾನು ಬರೆದುಕೊಟ್ಟಿದ್ದೆ. 1942ರಲ್ಲಿ ಅವರು ಕಾಡು ಸೇರಿದವರು. ಆರು ತಿಂಗಳಿಗಿಂತ ಹೆಚ್ಚು ಕಾಲ ಭೂಗತರಾಗಿದ್ದವರಿಗೂ ಪಿಂಚಣಿ ಉಂಟು. ಆದರೆ ಸರ್ಕಾರ ಅವರನ್ನು ಘೋಷಿತ ಅಪರಾಧಿ ಎಂದು ಸಾರಿರಬೇಕು, ತಲೆಗೆ ಬಹುಮಾನ ಕಟ್ಟಿರಬೇಕು ಅಥವಾ ಬಂಧನದ ಆಜ್ಞೆ ಹೊರಡಿಸಿ ಜಾರಿ ಮಾಡಲಾಗದೆ ಇರಬೇಕು. ತಾನಾಗಿ ಅಡಗಿದ್ದರೆ ಲೆಕ್ಕಕ್ಕಿಲ್ಲ. ಕಾಗದವಿಲ್ಲದಿದ್ದರೆ, ದೀರ್ಘಕಾಲ ಜೈಲು ಕಂಡ ಪ್ರಮುಖ ಹೋರಾಟಗಾರರ ಪ್ರಮಾಣಪತ್ರ ಬೇಕು. ಪೊಲೀಸರಿಗೆ ಹೆಸರೇ ಸಿಗದಂತೆ ಚೆನ್ನಾಗಿ ಅಡಗಿದ್ದವರು ಅವರು. ಹೆಸರು ಸಿಗದ್ದರಿಂದಲೇ ಕಾಗದ ಇಲ್ಲ.

ಅಜ್ಜನಿಗೆ ಬಂದ ಉತ್ತರ ಎರಡು ಸಾಲಿನದು. ನಿಯಮಗಳ ಪ್ರಕಾರ ಅರ್ಹರಲ್ಲ. ಯಾವ ನಿಯಮ, ಯಾವ ಅಂಕಣ, ಏನು ಕೊರತೆ ಎಂದು ಇರಲಿಲ್ಲ. ಮೇಲ್ಮನವಿಗೆ ಪ್ರತ್ಯೇಕ ನಮೂನೆಯೂ ಜೊತೆಗೆ ಬರಲಿಲ್ಲ. ತಿರಸ್ಕಾರವಾದವನು ಬಿಳಿ ಹಾಳೆಯಲ್ಲಿ ಮನವಿ ಬರೆಯಬೇಕು, ಯಾತಕ್ಕೆ ಉತ್ತರ ಕೊಡುತ್ತಿದ್ದೇನೆಂದು ತಿಳಿಯದೆಯೇ ಬರೆಯಬೇಕು. ಅಜ್ಜ ಮೂರು ಸಲ ಬರೆಸಿದರು. ನಾಲ್ಕನೆಯದಕ್ಕೆ ನಾನು ಕೂತಾಗ ಸಾಕು ಎಂದರು. ಹೈಕೋರ್ಟಿಗೆ ಹೋಗಿ ಎಂದವರಿದ್ದರು. ಧಾರವಾಡದ ಪೀಠ ಆರಂಭವಾದದ್ದು 2008ರಲ್ಲಿ. ಅದಕ್ಕೆ ಮೊದಲು ಬೆಂಗಳೂರಿಗೇ ಹೋಗಬೇಕಿತ್ತು, ಆ ಖರ್ಚು ನಮ್ಮ ಕೈಗೆ ನಿಲುಕುವುದಾಗಿರಲಿಲ್ಲ.

ಬೇರೆ ಕಡೆ ಈ ನಮೂನೆ ಸ್ವಲ್ಪ ಸ್ವಲ್ಪವಾಗಿ ತಿದ್ದಿಕೊಂಡಿತು. ಹೈದರಾಬಾದ್ ವಿಮೋಚನೆಗಾಗಿ ನಮ್ಮ ಮುಂಡರಗಿಯಂಥ ಗಡಿ ಶಿಬಿರಗಳಲ್ಲಿ ದುಡಿದವರಿಗೆ ಮೊದಲು ಜಾಗವೇ ಇರಲಿಲ್ಲ. 1985ರಲ್ಲಿ ಅವರ ಸೇವೆಗೆ ಕೇಂದ್ರದ ಮಾನ್ಯತೆ ಸಿಕ್ಕಿತು. ಜೈಲು, ಕೋರ್ಟಿನ ಕಾಗದವಿಲ್ಲದ ಹೋರಾಟವನ್ನೂ ಅಳೆಯಬಹುದು ಎಂದು ಸರ್ಕಾರ ಒಪ್ಪಿದ್ದು ಅಲ್ಲಿ. 1993ರಲ್ಲಿ ಮುಕುಂದ ಲಾಲ್ ಭಂಡಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಡವಾಗಿ ಬಂತೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಬಾರದು ಎಂದಿತು. 2001ರಲ್ಲಿ ಗುರುದಿಯಾಲ್ ಸಿಂಗ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಇಂಥ ಅರ್ಜಿಗೆ ಕ್ರಿಮಿನಲ್ ಖಟ್ಲೆಯ ಮಟ್ಟದ ಪುರಾವೆ ಕೇಳುವುದು ತಪ್ಪು, ನಡೆದಿರುವ ಸಂಭವ ಕಂಡರೆ ಸಾಕು ಎಂದು ಹೇಳಿತು. ಆ ತೀರ್ಪಿನ ಸುದ್ದಿಯನ್ನು ನಾನು ಓದಿದ್ದು ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ, ಪತ್ರಿಕೆಯಲ್ಲಿ. ಅಜ್ಜ ತೀರಿ ಹದಿನೈದು ವರ್ಷ ದಾಟಿತ್ತು. ಎರಡು ಬಸ್ಸು ಬಿಟ್ಟೆ.

ಇದು ಮುಗಿದ ಕಥೆ ಎಂದುಕೊಳ್ಳಬೇಡಿ. ಇವತ್ತು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಸಾವಿರಾರು ಮನೆಗಳಲ್ಲಿ ಇನ್ನೊಂದು ನಮೂನೆ ಇದೆ, ಅರಣ್ಯ ಹಕ್ಕಿನದು. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದರೆಂದು ತೋರಿಸಬೇಕು. ಲೆಕ್ಕ ಹಾಕಿ ನೋಡಿ: ಅದು ಬಂದು ನಿಲ್ಲುವುದು 1930ರ ಡಿಸೆಂಬರಿಗೆ. ನಮ್ಮ ಊರಿನ ಹಂಡೆ, ಕೊಡ, ದನ, ಜಮೀನು ಲಿಲಾವಿಗೆ ಹೋದ ಹೆಚ್ಚುಕಡಿಮೆ ಆ ಕಾಲಕ್ಕೇ. ಯಲ್ಲಾಪುರದ ಸಿದ್ದಿ ಜನ 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಅವರಿಗೆ ಈ 75 ವರ್ಷದ ಹೊರೆ ಇಲ್ಲ, ಅವರ ಪಕ್ಕದ ಮನೆಯವರಿಗೆ ಇದೆ.

ಆದರೂ ಅರಣ್ಯ ಹಕ್ಕಿನ ನಿಯಮಗಳಲ್ಲಿ ಹಳೆಯ ಪಿಂಚಣಿ ನಿಯಮಗಳಲ್ಲಿ ಇಲ್ಲದ ಎರಡು ಒಳ್ಳೆಯ ಮಾತುಗಳಿವೆ. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ. 2012ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ತಿರಸ್ಕರಿಸುವಾಗ ಕಾರಣವನ್ನು ಅರ್ಜಿದಾರನಿಗೆ ಖುದ್ದಾಗಿ ತಿಳಿಸಬೇಕು. ಆಮೇಲೆ ಮೇಲಿನ ಸಮಿತಿಗೆ ಹೋಗಲು 60 ದಿನ ಉಂಟು. ಇವೆರಡು 1981ರಲ್ಲಿ ಅಜ್ಜನಿಗೆ ಸಿಕ್ಕಿದ್ದರೆ ಅವರು ಮೂರು ಕುರುಡು ಮನವಿ ಬರೆಸುತ್ತಿರಲಿಲ್ಲ. ಆದ್ದರಿಂದ ಕೇಳುಗರೇ, ನಿಮ್ಮ ಅರ್ಜಿ ವಾಪಸು ಬಂದಿದ್ದರೆ ಕಾರಣ ಕೇಳಿ, ಬರವಣಿಗೆಯಲ್ಲೇ ಕೇಳಿ. ನಿಮ್ಮ ಊರಿನಲ್ಲಿ ತೊಂಬತ್ತು ದಾಟಿದವರಿದ್ದರೆ, ಅವರ ಮಾತನ್ನು ಈ ವಾರವೇ ಬರೆದುಕೊಂಡು ಸಹಿ ಹಾಕಿಸಿ. ಮಳೆಗಾಲ ಕಳೆಯಲಿ ಎನ್ನಬೇಡಿ.

ಕೇಂದ್ರದ ಪಿಂಚಣಿ 2016ರ ಆಗಸ್ಟಿನಲ್ಲಿ ತಿಂಗಳಿಗೆ 26,000 ರೂಪಾಯಿಗೆ ಏರಿತು. ಪಡೆಯುವವರಲ್ಲಿ ಹೆಚ್ಚಿನವರು ವಿಧವೆಯರು. ಆಸ್ತಿ ಮರಳಿ ಪಡೆದವರು ಅರ್ಹರಲ್ಲ ಎಂಬ ಆ ಸಾಲನ್ನು ಈಗಲೂ ತಿದ್ದಬೇಕು ಎಂದು ನಾನು ಹೇಳುತ್ತೇನೆ. ಸಿದ್ದಾಪುರ, ಅಂಕೋಲೆಯ ಕುಟುಂಬಗಳಿಗೆ ಹಣ ಕೊಡದಿದ್ದರೂ, ನಿಮ್ಮದು ಹೋರಾಟ ಹೌದು ಎಂದು ಒಂದು ಕಾಗದ ಕೊಡಬಹುದು.

ಮೊನ್ನೆ ಈ ಭಾಷಣಕ್ಕೆಂದು ಟ್ರಂಕು ತೆಗೆದೆ. ಅರ್ಜಿಯ ಕೊನೆಯ ಪುಟಕ್ಕೆ ಬಂದಾಗ ಅಜ್ಜಿ ನೆನಪಾದಳು. ಅವತ್ತು ಬಾಗಿಲ ಸಂದಿನಲ್ಲಿ ನಿಂತು ಕೇಳಿದ್ದಳು, “ಎನ್ನ ಹೆಸ್ರು ಎಲ್ಲಿ ಬರ್ದೆ?” ತೋರಿಸಿದ್ದೆ. ಓದಲು ಬರದವಳು ಅಕ್ಷರದ ಮೇಲೆ ಬೆರಳಿಟ್ಟು ನೋಡಿದ್ದಳು. ಮಾವಿನಗುಂಡಿಯ ಅಂಗಳದಲ್ಲಿ ಎರಡು ದಿನ ಅನ್ನವಿಲ್ಲದೆ ಕೂತವಳ ಹೆಸರು ಅಲ್ಲಿದೆ, ನನ್ನದೇ ದುಂಡಗಿನ ಅಕ್ಷರದಲ್ಲಿ, ಅವಲಂಬಿತರು ಎಂಬ ಅಂಕಣದಲ್ಲಿ.