ರಿಮೋಟಿನ ತೀರ್ಪು

ಹೈದರಾಬಾದಿನ ಹಿಮಾಯತ್‌ನಗರದ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಒಂದು ಸಿನಿಮಾ. ಹತ್ತು ನಿಮಿಷದಲ್ಲಿ ಹಿಡಿಸದಿದ್ದರೆ ಇನ್ನೊಂದು. ರಿಮೋಟು ಕೈಗೆ ಬಂದ ಮೇಲೆ ಎಲ್ಲರೂ ನ್ಯಾಯಾಧೀಶರೇ.

ಶ್ಯಾಮ್ ಬೆನೆಗಲ್ ಅವರ 1974ರ ‘ಅಂಕುರ್’ ಚಿತ್ರಕ್ಕೂ ಮೊದಲ ಸಲ ಇದೇ ಗತಿಯಾಯಿತು. ‘ಅಬ್ಬಾ, ಎಷ್ಟು ನಿಧಾನ!’ ಎಂದು ಅರ್ಧಕ್ಕೇ ಆರಿಸಿಬಿಟ್ಟೆ. ಆಮೇಲೊಮ್ಮೆ ಮತ್ತೆ ಹಾಕಿದೆ, ನಮ್ಮ ಅನಂತ್‌ನಾಗ್ ಇದ್ದಾರಲ್ಲ ಎಂಬ ಅಭಿಮಾನಕ್ಕೆ. ಈ ಸಲ ಕಿವಿ ತೆರೆಯಿತು. ಪಾತ್ರಗಳ ಬಾಯಲ್ಲಿದ್ದದ್ದು ದಿನಾ ನಮ್ಮ ಬೀದಿಗೆ ಬರುವ ತರಕಾರಿ ಬಂಡಿಯವನ ದಖನಿ! ಶಬಾನಾ ಆಜ್ಮಿಯವರ ಲಕ್ಷ್ಮಿ ಮಾತಿಗಿಂತ ನೋಟದಲ್ಲೇ ಹೆಚ್ಚು ಹೇಳುತ್ತಾಳೆ. ಜಮೀನ್ದಾರನ ಮಗ ಸೂರ್ಯ ಕ್ರೂರಿಗಿಂತ ಹೇಡಿ ಅನ್ನಿಸಿತು ನನಗೆ. ಲಕ್ಷ್ಮಿಯ ಗಂಡ, ಕೆಲಸ ಕೇಳಲು ಬಂದ, ಕಿವಿ ಕೇಳದ, ಮಾತು ಬಾರದ ಕಿಷ್ಟಯ್ಯನನ್ನು ಅವನು ಹೊಡೆಯುವುದು ತನ್ನ ಭಯಕ್ಕೆ. ಕೊನೆಗೆ ಒಬ್ಬ ಪುಟ್ಟ ಹುಡುಗ ಸೂರ್ಯನ ಕಿಟಕಿಗೆ ಕಲ್ಲೆಸೆದು ಓಡುತ್ತಾನೆ. ಆ ಒಂದು ಕಲ್ಲಿಗಾಗಿಯೇ ಚಿತ್ರ ಅಷ್ಟು ನಿಧಾನವಾಗಿ ನಡೆದಿತ್ತು. ನಾನೋ, ಕಲ್ಲು ಬೀಳುವ ಮೊದಲೇ ತೀರ್ಪು ಕೊಟ್ಟಿದ್ದೆ.

ಅಂಕುರ ಎಂದರೆ ಮೊಳಕೆ. ಬೀಜ ಬಿತ್ತಿದ ಮರುದಿನವೇ ಮಣ್ಣು ಕೆದಕಿ ನೋಡಿದರೆ ಏನು ಸಿಕ್ಕೀತು? ಮನುಷ್ಯರನ್ನೂ ನಾವು ಹೀಗೇ ಹತ್ತು ನಿಮಿಷ ನೋಡಿ ಚಾನೆಲ್ ಬದಲಿಸಿರುತ್ತೇವೆ.

ಈಗ ನಮ್ಮ ಮನೆಯಲ್ಲೊಂದು ಕಟ್ಟಳೆ: ಸಿನಿಮಾ ಮುಗಿಯುವ ತನಕ ರಿಮೋಟು ಟೀವಿಯ ಪಕ್ಕದಲ್ಲೇ ಇರಬೇಕು. ಅಭಿಪ್ರಾಯಕ್ಕೇನು, ಬೆಳಿಗ್ಗೆ ಕಾಫಿಯ ಹೊತ್ತಿಗೂ ಹೇಳಬಹುದು.