ಮೈ ತಾಯ್‌ಗೆ ಅನಾನಸ್ ಹಾಕಬಹುದಾ?

ಮನೆಯಲ್ಲಿ ಮೈ ತಾಯ್ ಅನ್ನೋ ರಮ್ ಕಾಕ್‌ಟೇಲ್ ಮಾಡೋರ ನಡುವೆ ಈ ಜಗಳ ಇದ್ದದ್ದೇ. ಅನಾನಸ್ ರಸ ಬಿದ್ದರೆ ಅದು ಮೈ ತಾಯೇ ಅಲ್ಲ ಅಂತ ಒಬ್ಬರು, ನನ್ನ ಗ್ಲಾಸು ನನ್ನಿಷ್ಟ ಅಂತ ಇನ್ನೊಬ್ಬರು.

ಮೂಲ ಏನಿತ್ತು ನೋಡೋಣ. 1944, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್. ಟ್ರೇಡರ್ ವಿಕ್ ಅಂತಲೇ ಹೆಸರಾದ ವಿಕ್ಟರ್ ಬರ್ಜೆರಾನ್ ಹತ್ತಿರ ಜಮೈಕಾದ 17 ವರ್ಷ ಹಳೆಯ ರಮ್ ಇತ್ತು. ಅಂಥ ರಮ್ಮಿನ ರುಚಿ ಮುಚ್ಚಿಹೋಗಬಾರದು ಅಂತ ಅವರು ಕೈ ಬಿಗಿಹಿಡಿದರು. 60 ಮಿಲಿ ರಮ್ಮಿಗೆ ಒಂದು ಲೈಮ್ ಹಣ್ಣಿನ ರಸ, 15 ಮಿಲಿ ಕಿತ್ತಳೆ ಲಿಕರ್, 15 ಮಿಲಿ ಬಾದಾಮಿ ಸಿರಪ್, ಅದರ ಅರ್ಧದಷ್ಟು ಕಲ್ಲುಸಕ್ಕರೆ ಪಾಕ. ಅಷ್ಟೇ. ಅನಾನಸ್ ಸೇರಿದ್ದು ಆಮೇಲೆ, 1953ರಲ್ಲಿ ವಿಕ್ ಈ ಪಾನೀಯವನ್ನ ಹವಾಯಿಗೆ ಒಯ್ದ ಮೇಲೆ.

ಆದರೆ ಆ 17 ವರ್ಷದ ರಮ್ ಖಾಲಿಯಾಯ್ತು! ಆಗ ವಿಕ್ ಅವರೇ ಬೇರೆ ಬೇರೆ ರಮ್ ಬೆರೆಸಿ ಹಳೆಯ ರುಚಿಗೆ ಹತ್ತಿರ ಬರೋಕೆ ನೋಡಿದರು. ಅಂದರೆ ಮೊದಲು ಬದಲಾಯಿಸಿದ್ದು ಮಾಡಿದವರೇ. ಬಾಟಲಿ ಬದಲಾದರೂ ರಮ್ ಮುಂದೆ, ಬಾದಾಮಿ ಹಿಂದೆ, ಹುಳಿ ನಡುವೆ ಅನ್ನೋದನ್ನ ಅವರು ಬಿಡಲಿಲ್ಲ. ನನ್ನ ಪ್ರಕಾರ ಅಸಲಿತನ ಇರೋದು ಅಲ್ಲೇ.

ಹಾಗಂತ ಹಳೆಯ ಅಳತೆ ಬೇಡ ಅಂತಲ್ಲ. ಹಾಲಿವುಡ್‌ನಲ್ಲಿ ಬಾರ್ ನಡೆಸ್ತಿದ್ದ ಡಾನ್ ಬೀಚ್ 1934ರಲ್ಲಿ ಝೋಂಬಿ ಅನ್ನೋ ಇನ್ನೊಂದು ರಮ್ ಕಾಕ್‌ಟೇಲ್ ಮಾಡಿದಾಗ, ಗುಟ್ಟು ಹೊರಗೆ ಹೋಗಬಾರದು ಅಂತ ರೆಸಿಪಿಯನ್ನ ಸಂಕೇತಗಳಲ್ಲಿ ಬರೆದರು. ತಮ್ಮ ಬಾರ್‌ಟೆಂಡರ್‌ಗಳಿಗೂ ಒಳಗೇನಿದೆ ಅಂತ ಹೇಳಲಿಲ್ಲ. ಪರಿಣಾಮ? ದಶಕಗಳ ಕಾಲ ಊಹೆಯ ಝೋಂಬಿಗಳೇ ಬಂದವು. ಜೆಫ್ ಬೆರ್ರಿ ಅನ್ನೋ ಸಂಶೋಧಕ ಹಳೆಯ ಸಿಬ್ಬಂದಿಯ ನೋಟ್‌ಬುಕ್ ಹುಡುಕಿ ಸಂಕೇತ ಬಿಡಿಸಿದಾಗ ರೆಸಿಪಿಯಲ್ಲಿದ್ದ ‘ಡಾನ್ಸ್ ಮಿಕ್ಸ್’ ಅನ್ನೋದು ಗ್ರೇಪ್‌ಫ್ರೂಟ್ ರಸ ಮತ್ತು ದಾಲ್ಚಿನ್ನಿ ಪಾಕ ಅಂತ ಗೊತ್ತಾಯ್ತು. ಅದಿಲ್ಲದ ಝೋಂಬಿ ಬರೀ ಸಿಹಿ ರಸದ ಮುದ್ದೆ. ಮೂಲ ಗೊತ್ತಿಲ್ಲದೆ ಬದಲಾಯಿಸೋದಕ್ಕೆ ಪ್ರಯೋಗ ಅನ್ನೋಕೆ ನನಗೆ ಮನಸ್ಸಿಲ್ಲ.

ಅದಕ್ಕೇ ಮೊದಲನೇ ಸಲ ಮೂಲದ ಅಳತೆಯಲ್ಲೇ ಮಾಡಿ, ಆಮೇಲೆ ಒಂದೊಂದೇ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದು ಕೆಡಿಸಿತು ಅಂತ ತಿಳಿಯೋದೇ ಇಲ್ಲ.

ಬಾದಾಮಿ ಸಿರಪ್ ಅಂಗಡಿಯಲ್ಲಿ ಸಿಗದಿದ್ದರೆ ಚಿಂತೆ ಬೇಡ. ರಾತ್ರಿ ನೆನೆಸಿದ ಬಾದಾಮಿ ಸಿಪ್ಪೆ ತೆಗೆದು, ನೀರು ಹಾಕಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಬಂದ ಹಾಲಿಗೆ ಸಮಪಾಲು ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಕುದಿಸಬೇಡಿ. ಆರಿದ ಮೇಲೆ ಎರಡು ಹನಿ ಪನ್ನೀರು. ಫ್ರಿಜ್‌ನಲ್ಲಿಟ್ಟಾಗ ಎಣ್ಣೆ ಮೇಲೆ ತೇಲುತ್ತೆ, ಕುಲುಕಿ ಬಳಸಿ. ಬೇಕರಿ ಎಸೆನ್ಸ್ ಮಾತ್ರ ಬೇಡ, ಅದು ರಮ್ಮನ್ನೇ ನುಂಗಿಬಿಡುತ್ತೆ.

ಇನ್ನು ರಮ್. ಓಲ್ಡ್ ಮಂಕ್‌ನಲ್ಲಿ ವೆನಿಲಾ ವಾಸನೆ, ಸಿಹಿ ಎರಡೂ ಜಾಸ್ತಿ. ಅದನ್ನ ಹಾಕೋದಾದರೆ ಕಲ್ಲುಸಕ್ಕರೆ ಪಾಕ ಬಿಟ್ಟುಬಿಡಿ. ಅನಾನಸ್ ಬೇಕೇ ಬೇಕಾ? ಹಾಕಿ, ತಾಜಾ ರಸ 15 ಮಿಲಿ, ಬಾದಾಮಿ ಕಾಣೆಯಾಗದಷ್ಟು.

ಕೊನೆಯದಾಗಿ ನಿಂಬೆ. ಅಮೆರಿಕದ ದಪ್ಪ ಲೈಮ್‌ಗಿಂತ ನಮ್ಮ ಪುಟ್ಟ ನಿಂಬೆಹಣ್ಣು ಹೆಚ್ಚು ಹುಳಿ. 20 ಮಿಲಿಯಿಂದ ಶುರುಮಾಡಿ, ಐಸ್ ಜೊತೆ ಕುಲುಕಿ, ರುಚಿ ನೋಡಿ, ಸಾಲದಿದ್ದರೆ ಇನ್ನೈದು ಮಿಲಿ ಹಿಂಡಿ.